ದುಬಾರಿ ಕೇಬಲ್ ಹಾಕಿದರೆ ಸ್ಟೀರಿಯೋ ಸೌಂಡ್ ಚೆನ್ನಾಗಿ ಬರುತ್ತದಾ?

ಆಂಪ್ಲಿಫೈಯರ್‌ನಿಂದ ಸ್ಪೀಕರ್‌ಗೆ ಈಗ ತೆಳು ವೈರ್ ಇದೆ, ಅದನ್ನು ತೆಗೆದು ದುಬಾರಿ ಕೇಬಲ್ ಹಾಕಿದರೆ ಹಾಡು ಚೆನ್ನಾಗಿ ಕೇಳಿಸುತ್ತದಾ ಅಂತ ಕೇಳಿದ್ದೀರಿ. ದಪ್ಪ ವೈರ್ ಹಾಕಿ, ಒಳ್ಳೆಯದೇ. ಆದರೆ ಬರೀ ಬೆಲೆ ಜಾಸ್ತಿ ಇದ್ದ ಮಾತ್ರಕ್ಕೆ ಸೌಂಡ್ ಬದಲಾಗುವುದಿಲ್ಲ.

ಸ್ಪೀಕರ್ ವೈರಿನಲ್ಲಿ ಮೊದಲು ನೋಡಬೇಕಾದದ್ದು ರೆಸಿಸ್ಟೆನ್ಸ್, ಅಂದರೆ ಕರೆಂಟ್ ಹರಿಯಲು ವೈರ್ ಒಡ್ಡುವ ತಡೆ. ಇದನ್ನು ಓಮ್‌ನಲ್ಲಿ ಅಳೆಯುತ್ತಾರೆ. ಸ್ಪೀಕರ್ 10 ಮೀಟರ್ ದೂರ ಇದೆ ಅಂದುಕೊಳ್ಳಿ. ಕರೆಂಟ್ ಹೋಗಿ ವಾಪಸ್ ಬರಬೇಕು ಅಲ್ವಾ, ಅಲ್ಲಿಗೆ 20 ಮೀಟರ್ ತಂತಿ ಆಯಿತು. 0.5 ಚದರ ಮಿಲಿಮೀಟರ್‌ನ ತಾಮ್ರದ ವೈರ್ ಆದರೆ ಸುಮಾರು 0.7 ಓಮ್. 2.5 ಚದರ ಮಿಲಿಮೀಟರ್‌ನದ್ದು ಹಾಕಿದರೆ 0.14 ಓಮ್‌ಗೆ ಇಳಿಯುತ್ತದೆ. ಇಷ್ಟು ಚಿಕ್ಕ ಸಂಖ್ಯೆಯಿಂದ ಏನಾಗುತ್ತದೆ ಅನ್ನಿಸಬಹುದು. ಸ್ಪೀಕರ್ ಕೂಡ ಕರೆಂಟ್‌ಗೆ ತಡೆ ಒಡ್ಡುತ್ತದೆ. ಅದರ ಹಿಂದೆ 8 ಓಮ್ ಅಂತ ಬರೆದಿದ್ದರೂ ಅದು ಒಂದೇ ಸಮ ಇರುವುದಿಲ್ಲ. ಒಂದು ಫ್ರೀಕ್ವೆನ್ಸಿಯಲ್ಲಿ (ಸ್ವರದ ಏರಿಳಿತದ ಮಟ್ಟದಲ್ಲಿ) 6ಕ್ಕೆ ಇಳಿದರೆ ಇನ್ನೊಂದರಲ್ಲಿ 30 ದಾಟಬಹುದು. ತೆಳು ವೈರ್ ಇದ್ದಾಗ ಓಮ್ ಕಡಿಮೆ ಇರುವ ಕಡೆ ಸದ್ದು ಜಾಸ್ತಿ ಕುಗ್ಗುತ್ತದೆ, ಉಳಿದ ಕಡೆ ಅಷ್ಟಾಗಿ ಕುಗ್ಗುವುದಿಲ್ಲ. ಹಾಡಿನ ಹದವೇ ಸ್ವಲ್ಪ ಆಚೀಚೆ ಆಗುವುದು ಹೀಗೆ. ವೈರಿನ ಒಟ್ಟು ರೆಸಿಸ್ಟೆನ್ಸ್ ಸ್ಪೀಕರ್‌ನ ಓಮ್‌ನಲ್ಲಿ ನೂರಕ್ಕೆ 5ರೊಳಗೆ ಇದ್ದರೆ ಸಾಕು. ಕೊಳ್ಳುವಾಗ ಒಳಗಿನ ಎಳೆ ಪೂರ್ತಿ ತಾಮ್ರದ್ದೇನಾ ಅಂತ ಮಾತ್ರ ನೋಡಿ. ಮೇಲೆ ತಾಮ್ರದ ಲೇಪ, ಒಳಗೆ ಅಲ್ಯೂಮಿನಿಯಂ ಇರುವ ವೈರುಗಳೂ ಬರುತ್ತವೆ. ಅಷ್ಟೇ ದಪ್ಪ ಇದ್ದರೂ ಅವುಗಳ ರೆಸಿಸ್ಟೆನ್ಸ್ ಜಾಸ್ತಿ.

ನನಗೆ ಒಂದು ಸಲ ಹೀಗಾಯಿತು. ಹೊಸ ವೈರ್ ಹಾಕಿದ ಮೇಲೆ ಬೇಸ್ (ತಗ್ಗು ಸ್ವರಗಳು) ಪೂರಾ ಮಾಯ. ಮಧ್ಯದಲ್ಲಿ ಕೇಳಬೇಕಾದ ಗಾಯಕಿಯ ದನಿ ಎಲ್ಲಿಂದ ಬರುತ್ತಿದೆ ಅಂತಲೇ ಗೊತ್ತಾಗುತ್ತಿರಲಿಲ್ಲ. ವೈರೇ ಕೆಟ್ಟದ್ದು ಅಂದುಕೊಂಡು ಎರಡು ದಿನ ಸುಮ್ನೆ ಕಳೆದೆ. ಆಮೇಲೆ ಟಾರ್ಚ್ ಹಿಡಿದು ನೋಡಿದರೆ ಎಡಗಡೆ ಸ್ಪೀಕರ್‌ಗೆ ಕೆಂಪು (ಪ್ಲಸ್), ಕಪ್ಪು (ಮೈನಸ್) ಅದಲುಬದಲಾಗಿತ್ತು. ಒಂದು ಸ್ಪೀಕರ್‌ನ ಕೋನ್ (ಕಂಪಿಸಿ ಸದ್ದು ಮಾಡುವ ಭಾಗ) ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತಿತ್ತು, ತಗ್ಗು ಸ್ವರಗಳು ಒಂದನ್ನೊಂದು ಕಡಿದುಹಾಕುತ್ತಿದ್ದವು. ಸರಿ ಮಾಡಿದ ತಕ್ಷಣ ಬೇಸ್ ವಾಪಸ್ ಬಂತು. ಅದಕ್ಕೇ ಹೇಳುತ್ತೇನೆ, ಮೊದಲು ಜೋಡಣೆ ನೋಡಿ. ತುದಿಯ ತಾಮ್ರ ಹಸಿರುಗಟ್ಟಿದ್ದರೆ ಅಷ್ಟು ಕತ್ತರಿಸಿ, ಹೊಸದಾಗಿ ಸುಲಿದು, ಎಳೆಗಳನ್ನು ಬಿಗಿಯಾಗಿ ಹೊಸೆದು ಸಿಕ್ಕಿಸಿ. ಒಂದೇ ಒಂದು ಎಳೆ ಆಚೆ ಚಾಚಿ ಪಕ್ಕದ ಟರ್ಮಿನಲ್‌ಗೆ ತಾಗಿದರೂ ಶಾರ್ಟ್ ಆಗಿ ಆಂಪ್ಲಿಫೈಯರ್ ಹಾಳಾಗಬಹುದು.

ಸದ್ದನ್ನು ಅಂಕಿಗಳ ರೂಪದಲ್ಲಿ ಸಾಗಿಸುವ ಡಿಜಿಟಲ್ ಕೇಬಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಅದು ಕೆಟ್ಟರೆ ಸದ್ದು ಕಡಿದು ಕಡಿದು ಬರುತ್ತದೆ, ಇಲ್ಲವೇ ನಿಂತೇ ಹೋಗುತ್ತದೆ. ಪ್ಲೇಯರ್‌ನಿಂದ ಆಂಪ್ಲಿಫೈಯರ್‌ಗೆ ಹಾಕುವ ಆರ್‌ಸಿಎ ಕೇಬಲ್‌ಗೆ ಮಾತ್ರ ಒಳ್ಳೆಯ ಶೀಲ್ಡ್ (ಹೊರಗಿನ ಗದ್ದಲ ಸೇರದಂತೆ ತಡೆಯುವ ಲೋಹದ ಹೊದಿಕೆ) ಇರಲಿ.

ಎರಡು ಕೇಬಲ್ ಹೋಲಿಸಿ ನೋಡುವುದಾದರೆ ವಾಲ್ಯೂಮ್ ಒಂದೇ ಸಮ ಇರಬೇಕು. ಒಂಚೂರು ಜೋರಾಗಿ ಕೇಳಿದ್ದೇ ನಮ್ಮ ಕಿವಿಗೆ ಚೆನ್ನಾಗಿದೆ ಅನ್ನಿಸುತ್ತದೆ. ಯಾವ ಕೇಬಲ್ ಹಾಕಿದ್ದಾರೆ ಅಂತ ನಿಮಗೆ ಗೊತ್ತಾಗದ ಹಾಗೆ ಬೇರೆಯವರ ಕೈಲಿ ಬದಲಿಸಿ ಕೇಳಿ.

ನಿಮ್ಮ ಸ್ಪೀಕರ್ ಎಷ್ಟು ಓಮ್‌ನದ್ದು, ಎಷ್ಟು ದೂರ ಇದೆ ಅಂತ ತಿಳಿಸಿದರೆ ಎಷ್ಟು ದಪ್ಪದ ವೈರ್ ಸಾಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.