ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಂಚಿನ ಹಳ್ಳಿಯವರು ಪ್ರಾಣಿಗಳು ಓಡಾಡುವ ದಾರಿಯನ್ನು ಕಾನೂನಿನ ಬಲದಿಂದ ಕಾಯಬಹುದೇ?

ಕಾಯಬಹುದು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ‘ಸಮುದಾಯ ಅರಣ್ಯ ಸಂಪನ್ಮೂಲ’ ಹಕ್ಕಿಗೆ ನಮೂನೆ ‘ಸಿ’ಯಲ್ಲಿ ಅರ್ಜಿ ಹಾಕಬೇಕು.

ಕಾಳಿ ಹುಲಿ ಮೀಸಲಿಗೂ ಗೋವೆಯ ಮ್ಹಾದೇಯಿ ಅಭಯಾರಣ್ಯಕ್ಕೂ ನಡುವೆ ಖಾನಾಪುರದ ಭೀಮಗಡ ಅಭಯಾರಣ್ಯದ ಕಾಡಿದೆ. ಪ್ರಾಣಿಗಳು ಅಭಯಾರಣ್ಯದ ಗಡಿ ನೋಡಿ ನಡೆಯುವುದಿಲ್ಲ, ಹೊರಗಿನ ಕಾಡಲ್ಲೂ ಹಾಯುತ್ತವೆ. ಊರು ಹಿಂದಿನಿಂದ ಬಳಸಿ ಕಾಯ್ದುಕೊಂಡು ಬಂದ ಅಂಥ ಕಾಡನ್ನು ರಕ್ಷಿಸುವ, ನಿರ್ವಹಿಸುವ ಹಕ್ಕನ್ನು ಈ ಕಾಯ್ದೆ ಕೊಡುತ್ತದೆ. ಅದರ 5ನೇ ಕಲಂ ಪ್ರಕಾರ ವನ್ಯಜೀವಿ, ನೀರಿನ ಮೂಲಗಳಿಗೆ ಧಕ್ಕೆ ತರುವ ಕೆಲಸ ತಡೆಯುವ ಅಧಿಕಾರ ಗ್ರಾಮಸಭೆಗಿದೆ.

ಮೊದಲು ಗ್ರಾಮಸಭೆ 10ರಿಂದ 15 ಜನರ ಅರಣ್ಯ ಹಕ್ಕು ಸಮಿತಿ ಆರಿಸಬೇಕು. ಸಮಿತಿ ಗಡಿ ಸುತ್ತಿ ನಕ್ಷೆ ಬರೆಯುತ್ತದೆ. ಠರಾವಾದ ಮೇಲೆ ಅರ್ಜಿ ಉಪವಿಭಾಗ, ಆಮೇಲೆ ಜಿಲ್ಲಾ ಸಮಿತಿಗೆ ಹೋಗುತ್ತದೆ.

ಹೆಚ್ಚಾಗಿ ಎಡವಟ್ಟಾಗುವುದು ಪುರಾವೆಯಲ್ಲಿ. ಪರಿಶಿಷ್ಟ ಪಂಗಡದವರು ಎಷ್ಟು ವರ್ಷದಿಂದ ಇದ್ದಾರೆಂದು ತೋರಿಸಬೇಕಿಲ್ಲ; ಆಫ್ರಿಕಾ ಮೂಲದ ಸಿದ್ದಿ ಸಮುದಾಯದವರೂ 2020ರಿಂದ ಬೆಳಗಾವಿ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡ. ಪಂಗಡದ ಪಟ್ಟಿಯಲ್ಲಿಲ್ಲದವರು ಮಾತ್ರ 2005ರ ಡಿಸೆಂಬರ್ 13ಕ್ಕೆ ಮುಂಚಿನ 75 ವರ್ಷಗಳ ವಾಸ ತೋರಿಸಬೇಕು. ಹಳೇ ಕಾಗದ ಸಿಗದಿದ್ದರೆ ಹಿರಿಯರ ಹೇಳಿಕೆಯನ್ನು ಬರೆಸಿಕೊಳ್ಳಿ, ಅದಕ್ಕೂ ಕಾನೂನಿನ ಮಾನ್ಯತೆಯಿದೆ. ಆದರೆ ಅದೊಂದೇ ಸಾಲದು, ಜೊತೆಗೆ ಇನ್ನೊಂದು ಬಗೆಯ ಪುರಾವೆ ಇರಲಿ. ಪಕ್ಕದೂರಿನ ಗಡಿ ತಗಾದೆಯಿದ್ದರೆ ಎರಡೂ ಸಮಿತಿ ಮೊದಲೇ ಕೂತು ಬಗೆಹರಿಸಿಕೊಳ್ಳುವುದು ಒಳ್ಳೆಯದು.