ಅಮೆರಿಕದ ರಾಕ್ ತಂಡ ಗ್ರೇಟ್‌ಫುಲ್ ಡೆಡ್‌ನ ಕಾರ್ನೆಲ್ 1977ರ ರೆಕಾರ್ಡಿಂಗ್ ಎಲ್ಲರೂ ಹೊಗಳುತ್ತಾರೆ, ನನಗೆ ಯಾಕೆ ಹಿಡಿಸುತ್ತಿಲ್ಲ?

ಎರಡು ಸಲ ಕೇಳಿದೆ, ಬರೀ ಎಳೆದಾಟ, ಹಾಡುಗಾರಿಕೆಯೂ ಸರಿಯಿಲ್ಲ ಅನಿಸಿತು, ಒಳ್ಳೆ ಹೆಡ್‌ಫೋನ್ ತಗೊಳ್ಳಬೇಕಾ ಅಥವಾ ಸಂಗೀತ ಕಲಿಯಬೇಕಾ ಅಂತ ಕೇಳಿದ್ದೀರಿ. ಎರಡೂ ಬೇಡ. ಮೊದಲು ಇದನ್ನು ಹೇಳಿ: ಫೋನಿನಲ್ಲಿ ಹಾಡು ಹಾಡಾಗಿ ಕೇಳಿದಿರಾ? ಬೋರಾದ ಕಡೆ ಬೆರಳಿನಿಂದ ಮುಂದಕ್ಕೆ ಓಡಿಸಿದಿರಾ? ಹೌದು ಅಂತಾದರೆ ನನ್ನ ಕಥೆ ಕೇಳಿ. ನಾನೂ ಅದೇ ಗಿರಾಕಿ.

ಆಗ ಶಿಕಾಗೋ ಹತ್ತಿರ ನೇಪರ್‌ವಿಲ್‌ನಲ್ಲಿದ್ದೆ. ಆಫೀಸಿನಲ್ಲಿ ಪಕ್ಕದ ಸೀಟಿನವರು ನಿವೃತ್ತಿಗೆ ಹತ್ತಿರವಾಗಿದ್ದ ಅಮೆರಿಕನ್ನರು. ಮಿತಭಾಷಿ, ಯಾವಾಗಲೂ ಇಸ್ತ್ರಿ ಮಾಡಿದ ಅಂಗಿ. ಇವರು ಹರೆಯದಲ್ಲಿ ಈ ತಂಡದ ಹಿಂದೆ ಊರೂರು ತಿರುಗಿದವರು ಅಂದರೆ ಯಾರೂ ನಂಬುತ್ತಿರಲಿಲ್ಲ. ನಾನು ಕರ್ನಾಟಕ ಸಂಗೀತ ಕೇಳುತ್ತೇನೆ ಅಂತ ಗೊತ್ತಾದ ಮೇಲೆ ಒಂದು ಪೆನ್‌ಡ್ರೈವ್ ಕೊಟ್ಟರು. ಅದರಲ್ಲಿ ಇದೇ ಸಂಗೀತ ಕಚೇರಿ ಇತ್ತು: 1977ರ ಮೇ 8, ನ್ಯೂಯಾರ್ಕ್ ರಾಜ್ಯದ ಇಥಾಕಾ, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್. ಎರಡನೇ ಸೆಟ್ಟನ್ನು, ಅಂದರೆ ಬಿಡುವಿನ ನಂತರದ ಭಾಗವನ್ನು, ನಿಲ್ಲಿಸದೆ ಕೇಳು ಅಂತ ಒಂದೇ ಮಾತು ಹೇಳಿದ್ದರು. ನಾನು ಆಯ್ತು ಅಂದೆ. ಕೇಳಲಿಲ್ಲ.

ನಾನು ಮಾಡಿದ್ದೇನು ಅಂತ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನೀವು ಮಾಡುತ್ತಿರುವುದೂ ಹೆಚ್ಚುಕಮ್ಮಿ ಅದೇ. ನನ್ನದು 16 ಜಿಬಿ ಫೋನ್, ಮುಕ್ಕಾಲು ಭಾಗ ಮಗಳ ಫೋಟೋ. ಜಾಗ ಇರಲಿಲ್ಲ. ಫೈಲುಗಳನ್ನು ಎಂಪಿ3ಗೆ ಬದಲಾಯಿಸಿದೆ. ಆಮೇಲೆ ಉದ್ದದ ಲೆಕ್ಕದಲ್ಲಿ ಜೋಡಿಸಿ, ಹತ್ತು ನಿಮಿಷ ದಾಟಿದ್ದನ್ನೆಲ್ಲ ಅಳಿಸಿದೆ. ರಾಕ್ ಹಾಡು ಯಾಕಪ್ಪಾ ಹದಿನೈದು ನಿಮಿಷ ಇರಬೇಕು? ಬೇಕಾದ ನಾಲ್ಕು ನಿಮಿಷ ಹಾಡು, ಉಳಿದದ್ದು ಸುಮ್ನೆ ಕಾಲಹರಣ ಅನ್ನುವುದು ನನ್ನ ತರ್ಕ.

ಹಾಗೆ ಹೋದದ್ದು ಯಾವುದು ನೋಡಿ. 'ಸ್ಕಾರ್ಲೆಟ್ ಬಿಗೋನಿಯಾಸ್' ಹೋಯಿತು. 'ಫೈರ್ ಆನ್ ದ ಮೌಂಟನ್' ಹೋಯಿತು. 'ನಾಟ್ ಫೇಡ್ ಅವೇ' ಹೋಯಿತು. 'ಮಾರ್ನಿಂಗ್ ಡ್ಯೂ' ಕೂಡ ಹೋಯಿತು. ಅಂದರೆ ಜನ ಯಾವುದಕ್ಕಾಗಿ ನಲವತ್ತು ವರ್ಷದಿಂದ ಈ ಟೇಪಿನ ಹಿಂದೆ ಬಿದ್ದಿದ್ದಾರೋ ಅದೆಲ್ಲ ಕಸದ ಬುಟ್ಟಿಗೆ. ಉಳಿದದ್ದು 'ಎಲ್ ಪಾಸೋ', 'ಮಾಮಾ ಟ್ರೈಡ್' ತರಹದ, ಬೇರೆಯವರಿಂದ ತಂದ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಧಾಟಿಯ) ಹಾಡುಗಳು, ಮತ್ತೆ ಕೆಲವು ಚಿಕ್ಕವು. 'ಸೇಂಟ್ ಸ್ಟೀಫನ್' ಗತಿಯಂತೂ ಕೇಳಬೇಡಿ. ಅವತ್ತು ರಾತ್ರಿ ಅವರು ಆ ಹಾಡನ್ನು ಶುರು ಮಾಡಿ, ನಡುವಿನಿಂದ 'ನಾಟ್ ಫೇಡ್ ಅವೇ' ಒಳಗೆ ಜಾರಿ, ಕಾಲು ಗಂಟೆ ಅಲ್ಲೇ ಅಲೆದು, ತಿರುಗಿ 'ಸೇಂಟ್ ಸ್ಟೀಫನ್'ಗೆ ಬಂದು ಮುಗಿಸುತ್ತಾರೆ. ನನ್ನ ಫೋನಿನಲ್ಲಿ ತಲೆ ಒಂದು ಕಡೆ, ಬಾಲ ಒಂದು ಕಡೆ. ನಡುವಿನ ಮೈಯೇ ಇಲ್ಲ. ಸಾಲದ್ದಕ್ಕೆ ಕಾರಿನಲ್ಲಿ ಶಫಲ್ ಹಾಕಿ ಕೇಳಿದೆ. ಕೆಲವೊಮ್ಮೆ ಬಾಲ ಮೊದಲು ಬರುತ್ತಿತ್ತು.

ಇಷ್ಟು ಮಾಡಿ ಒಂದು ತೀರ್ಮಾನಕ್ಕೂ ಬಂದೆ: ಸಾಧಾರಣ ಬ್ಯಾಂಡು, ಹಾಡುಗಾರಿಕೆ ಅಷ್ಟಕ್ಕಷ್ಟೆ, ಅಭಿಮಾನಿಗಳಿಗೆ ತಲೆ ಕೆಟ್ಟಿದೆ.

2015ರ ಜುಲೈ ಬಂತು. ತಂಡದಲ್ಲಿ ಉಳಿದಿದ್ದ ನಾಲ್ವರು, ಬಾಬ್ ವಿಯರ್, ಫಿಲ್ ಲೆಶ್, ಬಿಲ್ ಕ್ರಾಯ್ಟ್ಸ್‌ಮನ್, ಮಿಕ್ಕಿ ಹಾರ್ಟ್, ಒಟ್ಟಿಗೆ ಕೊನೆಯ ಸಲ ನುಡಿಸುತ್ತೇವೆ ಅಂತ ಶಿಕಾಗೋದ ಸೋಲ್ಜರ್ ಫೀಲ್ಡ್‌ನಲ್ಲಿ ಮೂರು ರಾತ್ರಿ ಇಟ್ಟುಕೊಂಡಿದ್ದರು. ಮುಖ್ಯ ಗಿಟಾರ್‌ನ ಜೆರ್ರಿ ಗಾರ್ಸಿಯಾ 1995ರ ಜುಲೈ 9ರಂದು ತಂಡದ ಜೊತೆ ಕಡೆಯದಾಗಿ ನುಡಿಸಿದ್ದೂ ಅದೇ ಜಾಗದಲ್ಲಿ. ಮುಂದಿನ ತಿಂಗಳೇ ತೀರಿಕೊಂಡರು. ನಮ್ಮ ಸಹೋದ್ಯೋಗಿಯ ಹತ್ತಿರ ಒಂದು ಟಿಕೆಟ್ ಜಾಸ್ತಿ ಇತ್ತು, ಜೊತೆಗೆ ಬರಬೇಕಾದವರಿಗೆ ಹುಷಾರಿರಲಿಲ್ಲ. ಬಾ ಅಂದರು. ದುಡ್ಡೂ ಬೇಡ ಅಂದರು. ನಾನು ಕನ್ನಡದವರ ಪಿಕ್ನಿಕ್ ಇದೆ ಅಂತ ಹೇಳಿ ತಪ್ಪಿಸಿಕೊಂಡೆ. ಪಿಕ್ನಿಕ್ ಇದ್ದದ್ದು ನಿಜ. ಬಿಸಿಬೇಳೆಬಾತ್ ಚೆನ್ನಾಗಿತ್ತು. ಆದರೆ ಫಿಲ್ ಲೆಶ್ 2024ರ ಅಕ್ಟೋಬರ್‌ನಲ್ಲಿ ಹೋದರು. ಅವರ ಬಾಸ್ ಗಿಟಾರನ್ನು ನಾನು ಎದುರಿಗೆ ಕೂತು ಕೇಳಲೇ ಇಲ್ಲ, ಇನ್ನು ಕೇಳುವುದೂ ಇಲ್ಲ.

ದಾರಿ ಸಿಕ್ಕಿದ್ದು ಜೋಳದ ರೊಟ್ಟಿಯಿಂದ. 2017ರಲ್ಲಿ ಈ ಕಚೇರಿ ಅಧಿಕೃತವಾಗಿ ಬಿಡುಗಡೆಯಾದ ಮೇಲೆ ಒಂದು ಭಾನುವಾರ ರೊಟ್ಟಿ ತಟ್ಟುತ್ತಿದ್ದೆ. ಫೋನು ಫ್ರಿಡ್ಜಿನ ಮೇಲೆ. ಯಾವುದೋ ಪಟ್ಟಿ ತಾನಾಗಿ ಓಡುತ್ತಾ ಈ ಎರಡನೇ ಸೆಟ್ಟಿಗೆ ಬಂತು. ಕೈಯೆಲ್ಲ ಹಿಟ್ಟು, ಮುಟ್ಟುವ ಹಾಗಿಲ್ಲ. ಬೇರೆ ದಾರಿ ಇಲ್ಲದೆ ಕೇಳಿದೆ. ಒಂದು ಹಂತದಲ್ಲಿ ತಲೆ ಎತ್ತಿ, ಅರೆ, ಮೊದಲಿನ ಹಾಡು ಯಾವಾಗ ಮುಗಿಯಿತು ಅಂದುಕೊಂಡೆ. ಹೊಸ ಹಾಡು ಆಗಲೇ ನಡೆಯುತ್ತಿತ್ತು. ತಿರುವು ಎಲ್ಲಿತ್ತು ಅಂತ ಗೊತ್ತೇ ಆಗಿರಲಿಲ್ಲ. ಆ ರೊಟ್ಟಿ ಸೀದುಹೋಯಿತು.

ಆ ತಿರುವೇ 'ಸ್ಕಾರ್ಲೆಟ್'ನಿಂದ 'ಫೈರ್'ಗೆ ಹೋಗುವುದು. ಎರಡೂ ಸೇರಿ ಇಪ್ಪತ್ತೈದು ನಿಮಿಷದ ಮೇಲೆ. ಎರಡಕ್ಕೂ ಶ್ರುತಿ ಒಂದೇ, ಪಾಶ್ಚಾತ್ಯರ ಬಿ. 'ಫೈರ್'ನಲ್ಲಿ ಹಿಂದೆ ಮುಂದೆ ತೂಗುವುದು ಎರಡೇ ಕಾರ್ಡು, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛ. ಗಾರ್ಸಿಯಾ ಅದರ ಮೇಲೆ ಓಡಾಡುವ ಸ್ವರಗಳನ್ನು ಗಮನಿಸಿ, ಹರಿಕಾಂಬೋಜಿ ರಾಗದ ಸ್ವರಗಳೇ. ಆದರೆ ಅಷ್ಟಕ್ಕೇ ನಿಲ್ಲಿಸಿ. ನಮ್ಮಲ್ಲಿ ಕೆಲವರು ಇದನ್ನು ನಮ್ಮ ರಾಗಾಲಾಪನೆ ಇದ್ದ ಹಾಗೆ ಅಂತ ಹೇಳಿ ಹೊಸಬರನ್ನು ದಾರಿ ತಪ್ಪಿಸುತ್ತಾರೆ. ನಾನು ಒಪ್ಪುವುದಿಲ್ಲ. ನಮ್ಮ ಕಚೇರಿಯಲ್ಲಿ ಒಬ್ಬರು ಮುಖ್ಯ ಕಲಾವಿದರು, ಉಳಿದವರು ಪಕ್ಕವಾದ್ಯ. ಆ ಕಿವಿ ಇಟ್ಟುಕೊಂಡು ಕೂತರೆ ಗಾರ್ಸಿಯಾ ಗಿಟಾರ್ ಒಂದನ್ನೇ ಹಿಂಬಾಲಿಸುತ್ತೀರಿ. ಅವರು ಸುಮ್ಮನಾದಾಗ ಏನೂ ನಡೆಯುತ್ತಿಲ್ಲ ಅನಿಸುತ್ತದೆ. ಎಳೆದಾಟ ಅನಿಸುವುದು ಅಲ್ಲೇ.

ಇಲ್ಲಿ ಪಕ್ಕವಾದ್ಯ ಅಂತ ಯಾರೂ ಇಲ್ಲ. ಲೆಶ್ ಮೊದಲು ಟ್ರಂಪೆಟ್ ನುಡಿಸುತ್ತಿದ್ದವರು, ಆಧುನಿಕ ಪಾಶ್ಚಾತ್ಯ ಶಾಸ್ತ್ರೀಯ ಸಂಯೋಜನೆ ಓದಿದವರು. ಬಾಸ್ ಹಿಡಿದದ್ದೇ 1965ರಲ್ಲಿ ಈ ತಂಡಕ್ಕೆ ಬಂದ ಮೇಲೆ. ಹಾಗಾಗಿ ಬಾಸ್ ಅಂದರೆ ಕೆಳಗಿನಿಂದ ತಾಳ ಕಾಯುವುದು ಅನ್ನುವ ಅಭ್ಯಾಸವೇ ಅವರಿಗಿರಲಿಲ್ಲ. ಗಿಟಾರ್ ಒಂದು ಮಾತು ಹೇಳಿದರೆ ಬಾಸ್ ಅದಕ್ಕೆ ಎದುರುತ್ತರ ಕೊಡುತ್ತದೆ, ಕೆಲವು ಸಲ ಮಾತು ಬದಲಿಸುತ್ತದೆ. ವಿಯರ್ ಗಿಟಾರ್ ಇವರಿಬ್ಬರ ಸಂದಿಯಲ್ಲಿ ಸಣ್ಣ ಸಣ್ಣ ತುಂಡು ಎಸೆಯುತ್ತಿರುತ್ತದೆ. ಕೀತ್ ಗಾಡ್‌ಶಾ ಪಿಯಾನೋ ಇನ್ನೊಂದು ಕಡೆ. ಹಿಂದೆ ಇಬ್ಬರು ಡ್ರಮ್ಮರ್‌ಗಳು. ನೀವು ಮುಂದಿನ ಸಲ ಕೇಳುವಾಗ ಗಾರ್ಸಿಯಾರನ್ನು ಪೂರ್ತಿ ಬಿಡಿ. ಬಾಸ್ ಒಂದನ್ನೇ ಹಿಡಿದು ಹೋಗಿ. 'ಸ್ಕಾರ್ಲೆಟ್' ಎಲ್ಲಿ ಕರಗಿತು ಅನ್ನುವುದು ಅಲ್ಲಿ ಸಿಗುತ್ತದೆ.

ಇದರಲ್ಲಿ ನಮ್ಮ ಪಾಲೂ ಇದೆ, ಹೇಳದೆ ಇರಲಾರೆ. ಆ ಡ್ರಮ್ಮರ್‌ಗಳಲ್ಲಿ ಒಬ್ಬರಾದ ಮಿಕ್ಕಿ ಹಾರ್ಟ್ ತಬಲಾದ ಉಸ್ತಾದ್ ಅಲ್ಲಾ ರಖಾ ಅವರಲ್ಲಿ ಕಲಿತವರು. ಉಸ್ತಾದರ ಮಗ ಜಾಕಿರ್ ಹುಸೇನ್ ಜೊತೆ ಸೇರಿ 1976ರಲ್ಲಿ 'ದಿಗಾ' ಅನ್ನುವ ತಾಳವಾದ್ಯಗಳ ಆಲ್ಬಮ್ ಮಾಡಿದರು. ಅದರಲ್ಲಿರುವ 'ಹ್ಯಾಪಿನೆಸ್ ಈಸ್ ಡ್ರಮ್ಮಿಂಗ್' ಅನ್ನುವ ತುಣುಕೇ ಮುಂದೆ ಸಾಹಿತ್ಯ ಸೇರಿ 'ಫೈರ್ ಆನ್ ದ ಮೌಂಟನ್' ಆದದ್ದು. ಮೊದಲು 'ದಿಗಾ' ಕೇಳಿ, ಆಮೇಲೆ ಕಾರ್ನೆಲ್‌ನದು ಕೇಳಿ. ತಬಲಾ ಇಲ್ಲದಿದ್ದರೂ ಆ ನಡೆ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ. ಕಾರ್ನೆಲ್‌ನಲ್ಲಿ 'ಫೈರ್' ಹಿಂದೆಯೇ ಬರುವ 'ಎಸ್ಟಿಮೇಟೆಡ್ ಪ್ರಾಫೆಟ್' ಏಳರ ಎಣಿಕೆಯದು. ತೊಡೆಯ ಮೇಲೆ ಮಿಶ್ರಛಾಪು ಹಾಕಿ ನೋಡಿ, ಕೂರುತ್ತದೆ. ಸಂಗೀತ ಕಲಿಯಬೇಕಾ ಅಂದಿರಲ್ಲ, ಏಳರವರೆಗೆ ಎಣಿಸಲು ಬಂದರೆ ಸಾಕು.

ಹಾಡುಗಾರಿಕೆ ಬಗ್ಗೆ ನಿಮ್ಮ ದೂರು ನಿಜ. ಅಲ್ಲಲ್ಲಿ ಶ್ರುತಿ ಜಾರುತ್ತದೆ. ಅದಕ್ಕೆ ಸಮಜಾಯಿಷಿ ಕೊಡುವವರನ್ನು ನಂಬಬೇಡಿ. ಆದರೆ 'ಮಾರ್ನಿಂಗ್ ಡ್ಯೂ'ನಲ್ಲಿ ಗಾರ್ಸಿಯಾ ದನಿ ಕೇಳಿ ಆಮೇಲೆ ಮಾತಾಡೋಣ. ಕೆನಡಾದ ಬಾನಿ ಡಾಬ್ಸನ್ ಬರೆದ ಹಾಡು ಅದು. ಅಣುಯುದ್ಧ ಮುಗಿದ ಮೇಲೆ ಉಳಿದ ಇಬ್ಬರ ಮಾತುಕತೆ. ಸುಮಾರು ಹದಿನಾಲ್ಕು ನಿಮಿಷ. ಕೊನೆಯ ಭಾಗ ಪಿಸುಮಾತಿನಷ್ಟು ತಗ್ಗಿನಿಂದ ಹೊರಟು, ಒಂದೊಂದೇ ಮೆಟ್ಟಿಲು ಹತ್ತಿ, ಕಡೆಗೆ ಗಿಟಾರ್ ತಂತಿಯೆಲ್ಲ ಒಟ್ಟಿಗೆ ನಡುಗುವಲ್ಲಿಗೆ ಹೋಗುತ್ತದೆ. ಅಲ್ಲಿಗೇ ನೇರ ಹೋಗಿ ಕೇಳಿದರೆ ಬರೀ ಗದ್ದಲ. ಅದಕ್ಕೂ ಹಿಂದಿನ ಒಂದು ಗಂಟೆ ನಿಮ್ಮ ಕಿವಿಯಲ್ಲಿ ಇರಬೇಕು. ಉದ್ದದ್ದನ್ನು ಅಳಿಸಬೇಡಿ ಅಂತ ನಾನು ಬಡಕೊಳ್ಳುವುದು ಇದಕ್ಕೇ.

ಇನ್ನು ನಿಮ್ಮ ಪ್ರಶ್ನೆಯ ಬುಡದಲ್ಲೇ ನನಗೊಂದು ತಕರಾರಿದೆ. ಇದು ಅತಿ ಶ್ರೇಷ್ಠ ಕಚೇರಿ, ಆದ್ದರಿಂದ ನನಗೆ ಹಿಡಿಸಲೇಬೇಕು ಅಂತ ಯಾಕೆ ಅಂದುಕೊಂಡಿರಿ? ಈ ಟೇಪು ಹೆಸರಾದದ್ದರಲ್ಲಿ ನುಡಿಸಿದವರ ಪಾಲು ಎಷ್ಟೋ ರೆಕಾರ್ಡ್ ಮಾಡಿದವರ ಪಾಲೂ ಅಷ್ಟೇ. ಮಾಡಿದವರು ಬೆಟ್ಟಿ ಕ್ಯಾಂಟರ್ ಜಾಕ್ಸನ್. ಒಂದೊಂದು ವಾದ್ಯವೂ ತನ್ನ ಜಾಗದಲ್ಲಿ ಬಿಡಿಬಿಡಿಯಾಗಿ ಕೇಳುವ ಹಾಗೆ ಟೇಪಿಗೆ ಇಳಿಸುವ ಕೈ ಅವರದು. ಮುಂದೆ ಅವರ ರೀಲುಗಳು ಬಾಡಿಗೆ ಗೋದಾಮಿನಲ್ಲಿ ಉಳಿದು, ಬಾಡಿಗೆ ಕಟ್ಟದೆ, 1986ರಲ್ಲಿ ಹರಾಜಾಗಿ ಯಾರ ಯಾರದೋ ಕೈ ಸೇರಿದವು. ಅಲ್ಲಿಂದ ಪ್ರತಿ ಮಾಡಿಕೊಂಡವರು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ದಾಟಿಸಿದರು. ಡೆಡ್‌ಹೆಡ್‌ಗಳಲ್ಲಿ, ಅಂದರೆ ಈ ತಂಡದ ಅಭಿಮಾನಿಗಳಲ್ಲಿ, ಟೇಪಿಗೆ ದುಡ್ಡು ತಗೊಳ್ಳುವುದು ಮರ್ಯಾದೆ ಆಗಿರಲಿಲ್ಲ. ಖಾಲಿ ಕ್ಯಾಸೆಟ್, ಅಂಚೆ ಖರ್ಚು ಕಳಿಸಿದರೆ ಸಾಕಿತ್ತು. ಸ್ವಚ್ಛವಾಗಿ ಕೇಳುವ ಟೇಪು ಜಾಸ್ತಿ ಜನಕ್ಕೆ ತಲುಪಿತು, ಜಾಸ್ತಿ ಜನ ಹೊಗಳಿದರು. 2012ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಕೂಡ ತನ್ನ ರಾಷ್ಟ್ರೀಯ ಧ್ವನಿಮುದ್ರಣಗಳ ಪಟ್ಟಿಗೆ ಸೇರಿಸಿತು. ಆದರೆ ಮರುದಿನ ಬಫಲೋದಲ್ಲಿ ನುಡಿಸಿದ್ದು ಇದಕ್ಕಿಂತ ಒಂದು ಕೈ ಮೇಲು ಅನ್ನುವವರು ಬೇಕಾದಷ್ಟಿದ್ದಾರೆ. ನಾನೂ ಅವರಲ್ಲೊಬ್ಬ. ಅದರ ಶುರುವಿನ 'ಹೆಲ್ಪ್ ಆನ್ ದ ವೇ', 'ಸ್ಲಿಪ್‌ನಾಟ್', 'ಫ್ರಾಂಕ್ಲಿನ್ಸ್ ಟವರ್' ಸರಣಿಯಿಂದಲೇ ಬೇಕಾದರೂ ಶುರು ಮಾಡಿ.

ಹೆಡ್‌ಫೋನಿಗೆ ದುಡ್ಡು ಸುರಿಯಬೇಡಿ. ನನ್ನ ಕಣ್ಣು ತೆರೆಸಿದ್ದು ಫ್ರಿಡ್ಜಿನ ಮೇಲಿದ್ದ ಫೋನಿನ ಸ್ಪೀಕರ್. ದುಡ್ಡಿಲ್ಲದೆ ಮಾಡಬಹುದಾದ ಕೆಲಸ ಇನ್ನೊಂದಿದೆ. ಅದೇ ರಾತ್ರಿ ಸಭೆಯಲ್ಲಿ ನಿಂತವರು ಮೈಕ್ ಹಿಡಿದು ಮಾಡಿದ ರೆಕಾರ್ಡಿಂಗ್ ಕೂಡ ಉಳಿದಿದೆ, ಹುಡುಕಿ. ಬೆಟ್ಟಿಯವರದು ಸೀದಾ ಸೌಂಡ್‌ಬೋರ್ಡಿನಿಂದ, ಅಂದರೆ ವೇದಿಕೆಯ ಮೈಕುಗಳೆಲ್ಲ ಬಂದು ಸೇರುವ ಯಂತ್ರದಿಂದ, ಬಂದದ್ದು, ಅದರಲ್ಲಿ ಹಾಲ್ ಕೇಳುವುದು ಕಡಿಮೆ. ಬಾರ್ಟನ್ ಹಾಲ್ ಮೊದಲು ಕವಾಯತಿಗೆ ಕಟ್ಟಿದ ಜಾಗ, ದೊಡ್ಡ ಸೂರು. ಮೇ ತಿಂಗಳಾದರೂ ಅವತ್ತು ರಾತ್ರಿ ಹೊರಗೆ ಹಿಮ ಬಿತ್ತು. ಒಳಗೆ ಮುಂದಿನ ಸಾಲಿನವರು ಜಜ್ಜಿಹೋಗುತ್ತಿದ್ದಾರೆ, ಎಲ್ಲರೂ ಒಂದು ಹೆಜ್ಜೆ ಹಿಂದೆ ಹೋಗಿ ಅಂತ ಎರಡನೇ ಸೆಟ್ಟಿನ ಮೊದಲು ತಂಡದವರು ತಮಾಷೆಯಾಗಿ ಬೇಡಿಕೊಳ್ಳುತ್ತಾರೆ. ಆ ಜನರ ಸದ್ದಿನ ಜೊತೆ ಕೇಳಿದಾಗ 'ಸ್ಕಾರ್ಲೆಟ್' ಬೇರೆಯೇ ಹಾಡು.

ಒಂದೂಕಾಲು ಗಂಟೆ ಬಿಡುವು ಮಾಡಿಕೊಳ್ಳಿ, ಫೋನು ಕೈಗೆ ಸಿಗದ ಕಡೆ ಇಡಿ, ಆ ಹೆಜ್ಜೆ ಹಿಂದೆ ಹಾಕಿಸುವ ಮಾತಿನಿಂದ 'ಮಾರ್ನಿಂಗ್ ಡ್ಯೂ' ಮುಗಿಯುವವರೆಗೆ ಕೇಳಿ. ಕೆಲಸ ಮಾಡುತ್ತಾ ಕೇಳಿದರೂ ಪರವಾಗಿಲ್ಲ, ಕೈ ಕೊಳೆಯಾಗುವ ಕೆಲಸವಾದರೆ ಇನ್ನೂ ಒಳ್ಳೆಯದು. ಆಮೇಲೂ ಹಿಡಿಸದಿದ್ದರೆ ಬಿಟ್ಟುಬಿಡಿ, ಆಲ್‌ಮನ್ ಬ್ರದರ್ಸ್ ತಂಡದ 1971ರ ಫಿಲ್‌ಮೋರ್ ಈಸ್ಟ್ ರೆಕಾರ್ಡಿಂಗ್ ಇದೆ, ಅದರಲ್ಲಿ ಹಾಡೂ ಗಟ್ಟಿ, ಶ್ರುತಿಯೂ ಗಟ್ಟಿ. ಕಾರ್ನೆಲ್‌ನ ಕೊನೆಯಲ್ಲಿ ಬರುವ ಎನ್‌ಕೋರ್, ಅಂದರೆ ಕಚೇರಿ ಮುಗಿದ ಮೇಲೆ ಮತ್ತೆ ಬಂದು ನುಡಿಸುವ ಹಾಡು, 'ಒನ್ ಮೋರ್ ಸ್ಯಾಟರ್ಡೇ ನೈಟ್'. ಅವತ್ತು ಭಾನುವಾರ. ಶನಿವಾರದ ಹಾಡು ಯಾಕೆ ಅಂತ ನನ್ನನ್ನು ಕೇಳಬೇಡಿ. ಅದನ್ನು ಮಾತ್ರ ನೀವು ಧಾರಾಳವಾಗಿ ಓಡಿಸಬಹುದು.