ಸುಮ್ನೆ ಅಲೆಯುತ್ತಿದ್ದವರಲ್ಲ

ಪತ್ರ: ಕಳೆದ ಸಂಚಿಕೆಯ ಆಸ್ಟ್ರೇಲಿಯಾ ಲೇಖನದಲ್ಲಿ ಮೂಲನಿವಾಸಿಗಳನ್ನು ಜಾಸ್ತಿಯೇ ಹೊಗಳಿದ್ದೀರಿ. ಬ್ರಿಟಿಷರು ಬರುವ ಮೊದಲು ಅವರು ಬೇಟೆಯಾಡುತ್ತಾ ಅಲೆಯುತ್ತಿದ್ದರು, ಅಷ್ಟೆ. ಬೇಸಾಯವಿಲ್ಲ, ಮನೆಯಿಲ್ಲ. ರೈಲು, ಆಸ್ಪತ್ರೆ ತಂದವರು ಬಿಳಿಯರೇ ಅಲ್ವಾ?
– ಓದುಗರೊಬ್ಬರು, ಮೈಸೂರು

ಉತ್ತರ: ರೈಲು, ಆಸ್ಪತ್ರೆ ಬಂದಿದ್ದು ನಿಜ, ಒಪ್ಪಿದೆ. ಉಳಿದ ಮಾತಿಗೆ ವಿಕ್ಟೋರಿಯಾ ರಾಜ್ಯದ ಬುಜ್ ಬಿಮ್ ನೋಡಬೇಕು. ಹಳೇ ಜ್ವಾಲಾಮುಖಿ ಉಗುಳಿದ ಕರಿಕಲ್ಲಿನ ಸೀಮೆ ಅದು. ಅಲ್ಲಿನ ಗುಂಡಿಚ್‌ಮಾರ ಜನ ಆ ಕಲ್ಲುಗಳನ್ನೇ ಸರಿಸಿ ಕಾಲುವೆ ತೆಗೆದರು, ಒಡ್ಡು ಕಟ್ಟಿದರು. ನೀರು ಏರಿದಾಗ ಹಾವುಮೀನು ಕಾಲುವೆಗೆ ನುಗ್ಗುತ್ತದೆ. ಒಡ್ಡಿನ ಕಿಂಡಿಗೆ ಹುಲ್ಲಿನಲ್ಲಿ ಹೆಣೆದ ಉದ್ದನೆ ಬುಟ್ಟಿ. ಬಾಯಿ ಅಗಲ, ತುದಿ ಕಿರಿದು. ಬೇಕಾದಷ್ಟು ಹಿಡಿದು, ಮಿಕ್ಕದ್ದನ್ನು ಕೊಳದಲ್ಲೇ ಬೆಳೆಯಲು ಬಿಡುತ್ತಿದ್ದರು. ಹಿಡಿದದ್ದನ್ನು ಹೊಗೆ ಹಾಕಿ ಕೆಡದಂತೆ ಇಡುತ್ತಿದ್ದರು. ಈ ಏರ್ಪಾಡಿನ ವಯಸ್ಸು ಸುಮಾರು 6,600 ವರ್ಷ. ಈಜಿಪ್ಟಿನ ಪಿರಮಿಡ್‌ಗಿಂತ ಹಳೆಯದು ಸ್ವಾಮಿ! 2019ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದಾದ ಕೆಲವೇ ತಿಂಗಳಲ್ಲಿ ಕಾಳ್ಗಿಚ್ಚು ಎದ್ದು ಪೊದೆಗಳೆಲ್ಲ ಸುಟ್ಟಾಗ, ಅಡಿಯಲ್ಲಿ ಮುಚ್ಚಿಹೋಗಿದ್ದ ಇನ್ನಷ್ಟು ಕಾಲುವೆಗಳು ಕಣ್ಣಿಗೆ ಬಿದ್ದವು.

ಮನೆಯಿಲ್ಲ ಅಂದಿರಿ. ಅಲ್ಲೇ ಕಲ್ಲಿನ ಮನೆಗಳ ತಳಪಾಯಗಳಿವೆ. ಬೇಸಾಯವಿಲ್ಲ ಅಂದಿರಿ. ಆ ಸೀಮೆಯ ಹೆಂಗಸರು ಮರ್ನಾಂಗ್ ಎಂಬ ಗೆಡ್ಡೆಯನ್ನು ಕೋಲಿನಿಂದ ಅಗೆಯುತ್ತಿದ್ದರು. ಅಗೆದಷ್ಟೂ ಮಣ್ಣು ಸಡಿಲಾಗಿ ಮುಂದಿನ ಸಲ ಗೆಡ್ಡೆ ಚೆನ್ನಾಗಿ ಬರುತ್ತಿತ್ತು. ವಲಸೆ ಬಂದವರ ಕುರಿಗಳು ಅದನ್ನು ಬುಡಸಮೇತ ತಿಂದು ಮುಗಿಸಿದವು. ಹೊಟ್ಟೆಗಿಲ್ಲದ ಜನ ಆ ಕುರಿ ಹಿಡಿದರೆ, ವಲಸೆ ಬಂದವರು ಅವರನ್ನು ಕಳ್ಳರೆಂದು ಗುಂಡಿಕ್ಕಿದರು.

ಪತ್ರ ಬರೆದು ಕೇಳಿದಿರಲ್ಲ, ಅದಕ್ಕೆ ಸಂತೋಷವೇ. ಆದರೆ 'ಅಲೆಯುವವರು' ಎಂದು ಹಗುರವಾಗಿ ಅಂದುಬಿಡಬೇಡಿ. ಉತ್ತು ಬಿತ್ತದವರಿಗೆ ನೆಲದ ಹಕ್ಕಿಲ್ಲ ಎಂದೇ ಬ್ರಿಟಿಷರು 1788ರಿಂದ ಒಂದು ಖಂಡವನ್ನು ಒಪ್ಪಂದವಿಲ್ಲದೆ ಕಿತ್ತುಕೊಂಡರು. ಆ ವಾದ ನಿಲ್ಲುವುದಿಲ್ಲ ಎಂದು ಅಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್, ಮೂಲನಿವಾಸಿಗಳು ನೆಲದ ಹಕ್ಕಿಗಾಗಿ ಹೂಡಿದ ಮಾಬೊ ಪ್ರಕರಣದಲ್ಲಿ ಹೇಳಿದ್ದು 1992ರಲ್ಲಿ!

ನಮ್ಮಲ್ಲೇನು ಕಡಿಮೆಯೇ? ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗೆಲೆಗೆ ಹಗುರವಾಗಿ ಬೆಂಕಿ ಕೊಡುತ್ತಿದ್ದರು. ತರಗು ಬೆಂಕಿ ಅಂತಾರೆ. ಸರ್ಕಾರ ಅದನ್ನು ನಿಲ್ಲಿಸಿತು. ಅದಕ್ಕೇ ಲಂಟಾನ ಎಂಬ ಕಳೆಗಿಡ ಕಾಡನ್ನೆಲ್ಲ ತುಂಬಿಕೊಂಡಿತು ಎಂದು ಅವರು ಹೇಳುತ್ತಲೇ ಇದ್ದಾರೆ, ಕೇಳುವವರು ಕಡಿಮೆ. 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು, ಅದಕ್ಕೂ ಹೋರಾಡಬೇಕಾಯಿತು. ಕಾಡಿನಲ್ಲೇ ಹುಟ್ಟಿ ಬೆಳೆದವರಿಗೆ ಕಾಡು ನೋಡಿಕೊಳ್ಳುವುದನ್ನು ನಾವು ಕಲಿಸಲು ಹೊರಡುತ್ತೇವೆ!

ಮೈಸೂರಿನಿಂದ ಬೆಟ್ಟವೇನು ದೂರವಲ್ಲ. ಸೋಲಿಗ ಹಿರಿಯರೊಬ್ಬರ ಜೊತೆ ಅರ್ಧ ದಿನ ಕೂತು ಮಾತಾಡಿ, ಕೇಳಿದ್ದನ್ನು ಬರೆದು ಕಳಿಸಿ. ಅಚ್ಚು ಹಾಕುತ್ತೇನೆ.